ಆರು ಗಜದ ಸುಳ್ಳು

ನಮ್ಮ ಲಿಪೋವಾ ಊರಿನ ಸಹಕಾರ ಸಂಘದ ಗೋದಾಮಿನಲ್ಲಿ ಡೆನಿಸ್ ವೊಂಡ್ರಾ ನಲವತ್ತು ವರ್ಷ ಮೆಕ್ಕೆಜೋಳ ತೂಗಿದ. ಅವನು ಹೇಳಿದ ತೂಕವನ್ನು ಯಾವ ರೈತನೂ ಎರಡನೇ ಸಲ ಕೇಳಿದ್ದಿಲ್ಲ. ಇಂಥವನು ಹದಿನೇಳನೇ ವಯಸ್ಸಿನಲ್ಲಿ ಒಂದು ಸುಳ್ಳು ಹೇಳಿದ್ದ. ಅವನೇ ನನಗದನ್ನು ಹೇಳಿ, ಇನ್ನು ಮುಚ್ಚಿಡಬೇಡ ಎಂದದ್ದರಿಂದ ಬರೆಯುತ್ತಿದ್ದೇನೆ.

1974ರ ನವೆಂಬರ್. ನಮ್ಮ ಶಾಲೆಯ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಲೈಲ್ ಪೊಸ್ಪಿಸಿಲ್ ಕ್ವಾರ್ಟರ್‌ಬ್ಯಾಕ್. ಚೆಂಡು ಮೊದಲು ಅವನ ಕೈಗೆ ಬರಬೇಕು, ಯಾರಿಗೆ ಎಸೆಯಬೇಕೆಂದು ಅವನೇ ನೋಡಬೇಕು. ಅವನ ತೋಳಿನಲ್ಲಿ ಅಂಥ ಬಲವಿರಲಿಲ್ಲ, ನಿಜ. ನಲವತ್ತು ಗಜದಾಚೆಗೆ ಅವನು ಎಸೆದದ್ದು ನಾನು ಕಂಡಿಲ್ಲ. ಆದರೆ ಅವನು ಓಡುತ್ತಿರುವ ಮನುಷ್ಯನಿಗೆ ಎಸೆಯುತ್ತಿರಲಿಲ್ಲ. ಮನುಷ್ಯ ಬಂದು ಸೇರಬೇಕಾದ ಜಾಗಕ್ಕೆ, ಅವನು ಇನ್ನೂ ತಿರುಗುವ ಮೊದಲೇ ಎಸೆದುಬಿಡುತ್ತಿದ್ದ. ಆ ವರ್ಷ ನಾವು ಎಂಟು ಆಟ ಗೆದ್ದದ್ದು ಹಾಗೆ.

ಒಂಬತ್ತನೆಯದರಲ್ಲಿ ನಾಲ್ಕು ಅಂಕ ಹಿಂದಿದ್ದೆವು, ಒಂದೇ ನಿಮಿಷ ಉಳಿದಿತ್ತು. ಮುಖಕ್ಕೆ ಹೊಡೆಯುವ ಗಾಳಿ. ಡೆನಿಸ್ ಹನ್ನೆರಡು ಗಜ ಓಡಿ ಹೊರಗೆರೆಯ ಕಡೆ ತಿರುಗಬೇಕಿತ್ತು. ಅಷ್ಟರಲ್ಲಿ ಅವನನ್ನು ತಡೆಯಲು ಬೆನ್ನುಹತ್ತಿದ್ದ ಎದುರಾಳಿ ಹುಡುಗ ಎಡವಿದ. ಇನ್ನೂ ಮುಂದೆ ಹೋದರೆ ಆಟ ತನ್ನದೇ ಎನ್ನಿಸಿ ಡೆನಿಸ್ ಹದಿನೆಂಟು ಗಜ ಓಡಿದ. ಚೆಂಡು ಬಿದ್ದದ್ದು ಹನ್ನೆರಡರಲ್ಲಿ, ಇನ್ನೊಬ್ಬ ಎದುರಾಳಿಯ ಎದೆಗೆ. ಅವನು ಅದನ್ನು ಅವುಚಿಕೊಂಡು ನಮ್ಮ ಕೊನೆಯ ಗೆರೆ ದಾಟುವವರೆಗೂ ಓಡಿದ. ಲೈಲ್ ಇದೇನನ್ನೂ ನೋಡಲಿಲ್ಲ. ಚೆಂಡು ಕೈಬಿಟ್ಟ ಗಳಿಗೆಯಲ್ಲೇ ಅವನನ್ನು ಕೆಡವಿದ್ದರು. ಕೆಡವಿದವನು ನುಗ್ಗಿದ್ದು ನನ್ನ ಪಕ್ಕದಿಂದ. ಅವನನ್ನು ತಡೆಯುವ ಕೆಲಸ ನನ್ನದಾಗಿತ್ತು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಕೋಚ್ ರೀಮರ್ ಡೆನಿಸ್‌ನ ಮುಂದೆ ನಿಂತು, ನೀನೆಲ್ಲಿದ್ದೆ ಎಂದು ಕೇಳಿದರು.

“ಇರಬೇಕಾದಲ್ಲೇ ಇದ್ದೆ ಸರ್” ಎಂದ ಡೆನಿಸ್. “ಚೆಂಡೇ ಬರ್ಲಿಲ್ಲ.”

ಲೈಲ್ ತಲೆ ತಗ್ಗಿಸಿ ಶೂ ದಾರ ಬಿಚ್ಚುತ್ತಿದ್ದ. ತನ್ನ ಎಸೆತವೇ ತಲುಪಲಿಲ್ಲವೆಂದು ಅವನೂ ನಂಬಿದ.

ಮುಂದಿನ ವರ್ಷ ಕೋಚ್ ಲೈಲ್‌ನ ಜಾಗಕ್ಕೆ ಬೇರೊಬ್ಬನನ್ನು ತಂದರು. ಅವನು ಅರವತ್ತು ಗಜ ಎಸೆಯುತ್ತಿದ್ದ; ಯಾರಿಗೆಂದು ಮಾತ್ರ ಅವನಿಗೂ ಗೊತ್ತಿರುತ್ತಿರಲಿಲ್ಲ. ಏಳು ಆಟ ಸೋತೆವು. ಆ ಹೊತ್ತಿಗೆ ಲೈಲ್‌ನ ಭುಜ ಹೋಗಿತ್ತು. ಅವನ ತಂದೆ ಎಮಿಲ್ ಟ್ರ್ಯಾಕ್ಟರ್ ನಿಲ್ಲಿಸುವ ಕೊಟ್ಟಿಗೆಯಲ್ಲಿ ಹಳೆಯ ಟೈರೊಂದನ್ನು ನೇತುಹಾಕಿ, ತೋಳು ಗಟ್ಟಿಯಾಗಲೆಂದು ಚಳಿಗಾಲವಿಡೀ ದಿನಕ್ಕೆ ಇನ್ನೂರು ಸಲ ಅದರೊಳಗೆ ಚೆಂಡು ಎಸೆಯಿಸಿದ್ದರು. ಮಾರ್ಚ್‌ನಲ್ಲಿ ಭುಜದೊಳಗೇನೋ ಹರಿದುಹೋಯಿತು. ಆಮೇಲೆ ಲೈಲ್ ಬಲಗೈಯನ್ನು ಕಿವಿಯ ಮಟ್ಟಕ್ಕೆ ಎತ್ತಿದ್ದಿಲ್ಲ. ಪಶು ಆಹಾರದ ಲಾರಿ ಓಡಿಸಿಕೊಂಡು ಊರಲ್ಲೇ ಉಳಿದ.

ಆ ಲಾರಿ ದಿನಾ ಡೆನಿಸ್‌ನ ಗೋದಾಮಿಗೇ ಬರುತ್ತಿತ್ತು. ಮೂಟೆಗಳನ್ನು ಡೆನಿಸ್ ತಾನೇ ಏರಿಸುತ್ತಿದ್ದ. ಲೈಲ್‌ನ ಮನೆಯ ಮಾಡು ಸೋರಿದರೆ ಏಣಿ ಹೊತ್ತುಕೊಂಡು ಮೊದಲು ಹೋಗುವವನು ಅವನೇ. ಎಂಥ ಗೆಳೆತನ ಎಂದು ಊರು ಹೇಳುತ್ತಿತ್ತು. ಆ ಮಾತು ಕೇಳಿದ ದಿನ ಡೆನಿಸ್‌ಗೆ ಊಟ ಸೇರುತ್ತಿರಲಿಲ್ಲವೆಂದು ಅವನ ಹೆಂಡತಿ ಆಮೇಲೆ ನನಗೆ ಹೇಳಿದಳು. ಕಾರಣ ಅವಳಿಗೂ ಗೊತ್ತಿರಲಿಲ್ಲ.

ಹೀಗೇ ನಲವತ್ತೊಂದು ವರ್ಷ ಕಳೆಯಿತು. ಒಂದು ಅಕ್ಟೋಬರ್ ಬೆಳಿಗ್ಗೆ ಬೇಕರಿಯಲ್ಲಿ ಕಾಫಿ ಕುಡಿಯುತ್ತ, ಶಾಲೆಯ ಹೊಸ ಕ್ವಾರ್ಟರ್‌ಬ್ಯಾಕಿನ ತೋಳು ಸಾಲದೆಂದು ನಾವು ಕೆಲವರು ವಾದಕ್ಕಿಳಿದಿದ್ದೆವು. ತಲೆ ಇದ್ದರೆ ಸಾಕು ಎಂದು ನಾನು. ತೋಳಿಲ್ಲದೆ ತಲೆ ಕಟ್ಟಿಕೊಂಡು ಏನು ಮಾಡುವುದು ಎಂದು ಅಂಚೆ ಕಚೇರಿಯ ಗ್ಲೆನ್.

ಪಕ್ಕದಲ್ಲಿದ್ದ ಲೈಲ್ ನಕ್ಕ. “ನನ್ನ ಕೇಳ್ರೋ. ನಂದು ಒದ್ದೆ ಬಟ್ಟೆ ಥರದ ಕೈ. ಅದರಿಂದ್ಲೇ ಎಲ್ಲರ ಆಟ ಹಾಳಾಯ್ತು.”

ಎಲ್ಲರೂ ನಕ್ಕರು. ಡೆನಿಸ್ ಮುಂದಿದ್ದ ಗಸಗಸೆ ತುಂಬಿದ ಕೊಲಾಚೆ ಬನ್ನನ್ನು ಮುಟ್ಟದೆ ಎದ್ದು ಹೋದ. ಲೈಲ್ ಡೆನಿಸ್‌ನನ್ನೇ ದೂರಿದ್ದರೆ ಅವನು ತಡೆದುಕೊಳ್ಳುತ್ತಿದ್ದನಂತೆ. ಲೈಲ್ ತನ್ನನ್ನು ತಾನೇ ಹಳಿದುಕೊಂಡು ನಕ್ಕದ್ದನ್ನು ತಡೆದುಕೊಳ್ಳಲಾಗಲಿಲ್ಲ.

ಅಂದು ಲಾರಿ ಗೋದಾಮಿಗೆ ಬಂದಾಗ ಡೆನಿಸ್ ಮೂಟೆಗೆ ಕೈ ಹಾಕದೆ ಲಾರಿಯ ಬಾಗಿಲು ತೆರೆದು ಲೈಲ್‌ನ ಪಕ್ಕ ಕೂತ. “ನಿನ್ನ ಚೆಂಡು ಸರಿಯಾಗೇ ಬಂದಿತ್ತು ಕಣೋ. ನಾನು ಹದಿನೆಂಟಕ್ಕೆ ಓಡಿದ್ದೆ. ಕೋಚ್‌ಗೆ ಸುಳ್ಳು ಹೇಳ್ದೆ.”

ಲೈಲ್ ಲಾರಿಯ ಎಂಜಿನ್ ಆರಿಸಿದ. ಬೈಯಲಿಲ್ಲ. “ನಂಗೆ ಹೇಳಿ ಏನು ಬಂತು? ನಮ್ಮಪ್ಪಂಗೆ ಹೋಗಿ ಹೇಳು. ಮಗನಿಗೆ ಎಲ್ಲಾ ಇತ್ತು, ಕೈಯೊಂದಿರ್ಲಿಲ್ಲ ಅಂತ ಇವತ್ತಿಗೂ ಬಂದೋರಿಗೆಲ್ಲ ಹೇಳ್ತಾರೆ” ಎಂದ.

ಎಮಿಲ್‌ಗೆ ಆಗ ಎಂಬತ್ತಮೂರು, ವೃದ್ಧರ ಆರೈಕೆಯ ಮನೆಯಲ್ಲಿದ್ದರು. ಡೆನಿಸ್ ಭಾನುವಾರ ಪ್ರಾರ್ಥನೆ ಮುಗಿಸಿಕೊಂಡು ಹೋಗಿ, ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಎಲ್ಲ ಹೇಳಿದ. ಕೋಲಿನಲ್ಲಿ ಹೊಡೆದಾರು, ಹೊಡೆಯಲಿ ಎಂದುಕೊಂಡೇ ಹೋಗಿದ್ದ. ಮುದುಕ ಮೊದಲು, ಹನ್ನೆರಡೇ ಗಜವೇ ಎಂದು ಎರಡು ಸಲ ಕೇಳಿದರು. ಆಮೇಲೆ ಡೆನಿಸ್‌ನನ್ನು ಮರೆತೇಬಿಟ್ಟರು.

“ನೋವು ಅಂತ ಅವನು ಫೆಬ್ರವರಿಲೇ ಹೇಳಿದ್ದ” ಎಂದರು. “ನಾನು ಇನ್ನೂ ನೂರು ಎಸಿ ಅಂದೆ.”

ತಪ್ಪು ನನ್ನದು ಎಂದು ಡೆನಿಸ್ ಎಷ್ಟು ಹೇಳಿದರೂ ಅವರ ಕಿವಿಗೆ ಬೀಳಲಿಲ್ಲ. ಬಾಯಲ್ಲೇ ಏನೋ ಲೆಕ್ಕ ಹಾಕುತ್ತಿದ್ದರು, ದಿನಕ್ಕೆ ಇನ್ನೂರರಂತೆ. ತನ್ನ ಹೊರೆ ಇಳಿಸಲು ಹೋಗಿ ಅದನ್ನು ಎಂಬತ್ತಮೂರರ ಹೆಗಲಿಗೆ ಏರಿಸಿ ಬಂದೆನೆಂದು ಡೆನಿಸ್‌ಗೆ ಹೊರಬಾಗಿಲಲ್ಲೇ ಗೊತ್ತಾಯಿತು. ಅಲ್ಲಿಂದ ನೇರ ನನ್ನ ಮನೆಗೆ ಬಂದ. ಮೆಟ್ಟಿಲ ಮೇಲೆ ಕೂತು ಮೊದಲಿನಿಂದ ಕೊನೆವರೆಗೆ ಹೇಳಿದ. ಅಂದು ನನ್ನ ಪಕ್ಕದಿಂದ ನುಗ್ಗಿ ಲೈಲ್‌ನನ್ನು ಕೆಡವಿದ ಆ ಹುಡುಗನ ಬಗ್ಗೆ ನಾನು ಏನೋ ಹೇಳಹೊರಟೆ. ಅವನಿಗೆ ಅದು ಬೇಕಿರಲಿಲ್ಲ.

ಎಮಿಲ್ ಫೆಬ್ರವರಿಯಲ್ಲಿ ತೀರಿಕೊಂಡರು. ಶವಪೆಟ್ಟಿಗೆಗೆ ಹೆಗಲು ಕೊಡುವ ಆರು ಜನರಲ್ಲಿ ಲೈಲ್ ಡೆನಿಸ್‌ನನ್ನು ಸೇರಿಸಿರಲಿಲ್ಲ. ಮಣ್ಣು ಮಾಡಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟವಾಯಿತು. ಡೆನಿಸ್ ಅಡುಗೆಮನೆ ಸೇರಿ ತಟ್ಟೆ ತೊಳೆಯುತ್ತಿದ್ದ, ನಾನು ಜೋಡಿಸುತ್ತಿದ್ದೆ. ಲೈಲ್ ಒಳಗೆ ಬಂದು ಒಂದು ಬಟ್ಟೆ ಎತ್ತಿಕೊಂಡು ತಟ್ಟೆ ಒರೆಸತೊಡಗಿದ.

“ಅಪ್ಪ ಕೊನೇ ವಾರ ನನ್ನ ಕ್ಷಮೆ ಕೇಳಿದ್ರು” ಎಂದ. “ಅಳ್ತಾ ಕೇಳಿದ್ರು. ನಿನ್ನ ಅಲ್ಲಿಗೆ ಕಳಿಸಿದ್ದು ನಾನೇ ಅಲ್ವಾ.”

ಡೆನಿಸ್ ಇನ್ನೊಂದು ತಟ್ಟೆ ತೊಳೆದು ಚಾಚಿದ. ಲೈಲ್ ಅದನ್ನು ತೆಗೆದುಕೊಂಡ.