ಅಕ್ಕನಿಗೆ ಒಪ್ಪಿಸಿ ಹೋದ ಗಿಣಿ

ಗೋವಿಂದರಾಜನಗರದಲ್ಲಿ ನಾವು ಬಾಡಿಗೆಗಿದ್ದ ಮನೆಗೂ ಪಕ್ಕದ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆಯಿತ್ತು. ಸಾರಿನ ಬಟ್ಟಲು, ಕರಿಬೇವು, ಓದಿ ಮುಗಿಸಿದ ವಾರಪತ್ರಿಕೆ ಎಲ್ಲವೂ ಅದರ ಮೇಲಿಂದಲೇ ಓಡಾಡುತ್ತಿದ್ದವು. ಒಂದು ಶುಕ್ರವಾರ ಬೆಳಿಗ್ಗೆ ನಮ್ಮ ಗಿಣಿಯ ಪಂಜರವೂ ಅದರ ಮೇಲಿಂದಲೇ ಆಚೆ ಹೋಯಿತು. ದಾಟಿಸಿದವನು ನಾನು. ತೆಗೆದುಕೊಂಡವರು ಪಕ್ಕದ ಮನೆಯ ಅಕ್ಕ.

ಎಂಬತ್ತರ ದಶಕದ ನಡುವಿನ ಮಾತು. ನಾನಾಗ ನಾಯಂಡಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಮದುವೆಯಾಗಿ ಕೆಲವು ವರ್ಷಗಳಾಗಿದ್ದರೂ ಮಕ್ಕಳಾಗಿರಲಿಲ್ಲ. ಗಿಣಿ ನನ್ನ ಹೆಂಡತಿಯದು. ಜ್ಞಾನಭಾರತಿ ಕಡೆ ಉರುಳಿಬಿದ್ದ ಮರದ ಪೊಟರೆಯಲ್ಲಿ ಸಿಕ್ಕಿತೆಂದು ಜೊತೆಯ ಕೆಲಸಗಾರನೊಬ್ಬ ತಂದುಕೊಟ್ಟಾಗ ಅದಕ್ಕೆ ಸರಿಯಾಗಿ ಪುಕ್ಕವೂ ಮೂಡಿರಲಿಲ್ಲ. ಅವಳು ಹತ್ತಿಯನ್ನು ರಾಗಿ ಅಂಬಲಿಯಲ್ಲಿ ಅದ್ದಿ, ಅದರ ಬಾಯಿಗೆ ಹಿಂಡಿ ಹಿಂಡಿ ಬದುಕಿಸಿದಳು. ಅದು ಕಲಿತದ್ದು ಒಂದೇ ಮಾತು, ಸಂಜೆ ನಾನು ಬಂದಾಗ ಅವಳು ಕೇಳುತ್ತಿದ್ದ "ಕಾಫಿ ಕುಡೀತೀರಾ?" ಅವಳದೇ ದನಿ, ಅವಳದೇ ಎಳೆತ. ಬಚ್ಚಲಲ್ಲಿದ್ದಾಗ ಕೇಳಿದರೆ ನಾನೇ ಎಷ್ಟೋ ಸಲ "ಹ್ಞೂಂ, ಕೊಡು" ಎಂದುಬಿಟ್ಟಿದ್ದೇನೆ.

ಪಂಜರದ ಬಾಗಿಲು ಮೇಲಕ್ಕೆ ಸರಿಯುವಂಥದ್ದು. ಗಿಣಿ ಅದನ್ನು ಕೊಕ್ಕಿನಿಂದ ಎತ್ತುವುದನ್ನು ಕಲಿತುಬಿಟ್ಟಿತ್ತು. ಆದ್ದರಿಂದ ವರ್ಕ್‌ಶಾಪಿನಿಂದ ತಂದ ಒಂದು ತುಂಡು ಕಬ್ಬಿಣದ ತಂತಿಯನ್ನು ಬಾಗಿಲಿಗೂ ಪಕ್ಕದ ಕಂಬಿಗೂ ಸೇರಿಸಿ ಸುತ್ತಿಡುತ್ತಿದ್ದೆವು.

ಆ ಶುಕ್ರವಾರ ನಾವು ಹೊರಟದ್ದು ಮದ್ದೂರಿನ ಆಚೆಯ ಒಂದು ಹಳ್ಳಿಗೆ, ನನ್ನ ಹೆಂಡತಿಯ ತಮ್ಮನಿಗೆ ಹೆಣ್ಣು ನೋಡಲು. ಹಿಂದೊಮ್ಮೆ ಹೀಗೆಯೇ ಹೊರಟಾಗ ನಾನು ಬೀದಿಯ ಕೊನೆಯಿಂದ ಕೊಡೆ ತರಲೆಂದು ಮನೆಗೆ ತಿರುಗಿ ಬಂದಿದ್ದೆ. ಆ ಸಂಬಂಧ ಮುರಿದುಹೋಯಿತು. ಹೆಣ್ಣಿನ ಕಡೆಯವರಿಗೆ ಬೇರೆ ಕಾರಣವಿತ್ತು, ಆದರೆ ನನ್ನ ಅತ್ತೆಯ ಮನೆಯಲ್ಲಿ ಅದು ಕೊಡೆಯಿಂದಲೇ ಮುರಿಯಿತೆಂದು ತೀರ್ಮಾನವಾಗಿತ್ತು. ಹೊರಟವರು ಹಿಂದಿರುಗಬಾರದು, ಹೊರಟವರನ್ನು ಹಿಂದಿನಿಂದ ಕರೆಯಬಾರದು. ನಮ್ಮ ಬೀದಿಯಲ್ಲಿ ಎಲ್ಲರೂ ನಂಬುತ್ತಿದ್ದ ಮಾತು.

"ಭಾನುವಾರ ಸಾಯಂಕಾಲ ಬಂದ್ಬಿಡ್ತೀವಿ ಅಕ್ಕ. ಹಸಿಮೆಣಸಿನಕಾಯಿ, ಒಂದಿಷ್ಟು ಅನ್ನ, ಅಷ್ಟೇ" ಎಂದಳು ನನ್ನ ಹೆಂಡತಿ.

"ನಿನ್ನ ಮಗೂನ ನಾನ್ ನೋಡ್ಕೊಳಲ್ವೇನೇ? ಹತ್ತೂವರೆಗೆ ರಾಹುಕಾಲ, ಮೊದ್ಲು ಹೊರಡಿ" ಎಂದ ಅಕ್ಕ ನನ್ನ ಕಡೆ ತಿರುಗಿದರು. "ಏನಪ್ಪಾ, ಕೊಡೆ ತಗೊಂಡಿದೀಯಾ ಈ ಸಲ? ಇಲ್ದಿದ್ರೆ ನೆನೀತಾನೇ ಹೋಗು, ವಾಪಸ್ ಮಾತ್ರ ಬರ್ಬೇಡ!"

ಅವಸರದಲ್ಲಿ ನಾನು ತಂತಿ ಬಿಚ್ಚಿ ಪಂಜರದೊಳಗೆ ಒಂದು ಹಿಡಿ ಕಡಲೆಕಾಯಿ ಹಾಕಿ, ಗೋಡೆಯ ಮೇಲಿಂದ ಅಕ್ಕನ ಕೈಗೆ ಕೊಟ್ಟೆ. ಬಸ್‌ಸ್ಟಾಪಿನಲ್ಲಿ ಚಿಲ್ಲರೆಗೆಂದು ಅಂಗಿಯ ಜೇಬಿಗೆ ಕೈಹಾಕಿದಾಗ ತಂತಿ ಬೆರಳಿಗೆ ಚುಚ್ಚಿತು.

ಮನೆಗೆ ಓಡಿ ಬರುವಷ್ಟು ಹೊತ್ತಿತ್ತು. ನನ್ನ ಹೆಂಡತಿ ರೇಷ್ಮೆ ಸೀರೆಯುಟ್ಟು, ಹಣ್ಣಿನ ಚೀಲ ಹಿಡಿದು, ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದಳು. ಹೇಳಿದರೆ ಅವಳಿಗೆ ಹೋಗುವುದೂ ಕಷ್ಟ, ನಿಲ್ಲುವುದೂ ಕಷ್ಟ. ಹೇಳದೆ ತಿರುಗಿದರೆ ಇನ್ನೊಂದು ಸಂಬಂಧ ನನ್ನ ತಲೆಗೆ. ಅಷ್ಟರಲ್ಲಿ ಬಸ್ಸು ಬಂತು, ಹತ್ತಿದೆ. ಕೆಂಗೇರಿ ದಾಟುವಾಗ ಅವಳು ತೂಕಡಿಸುತ್ತಿದ್ದಳು. ತಂತಿಯನ್ನು ತೆಗೆದು ಕಿಟಕಿಯಿಂದಾಚೆ ಎಸೆದೆ. ಯಾಕೆ ಎಸೆದೆನೋ ಇಂದಿಗೂ ಸರಿಯಾಗಿ ಹೇಳಲಾರೆ. ಅದು ಜೇಬಿನಲ್ಲಿದ್ದಷ್ಟು ಹೊತ್ತು ನನಗೆ ಕೂರಲಾಗಲಿಲ್ಲ.

ಹೆಣ್ಣಿನ ಮನೆಯಲ್ಲಿ ಉಪ್ಪಿಟ್ಟು ಕೊಟ್ಟರು, ಹುಡುಗಿ ಎರಡು ದೇವರನಾಮ ಹಾಡಿದಳು, ಎಲ್ಲರಿಗೂ ಒಪ್ಪಿಗೆಯಾಯಿತು. "ನೋಡಿ, ಈ ಸಲ ಭಾವ ಹಿಂದಕ್ಕೆ ಹೋಗ್ಲಿಲ್ಲ, ಕೆಲಸ ಆಯ್ತು" ಎಂದು ಬಾಮೈದ ನಕ್ಕ. ನಾನೂ ನಕ್ಕೆ. ಬಾಗಿಲು ಎತ್ತುತ್ತಿರುವ ಆ ಕೆಂಪು ಕೊಕ್ಕು ಮಾತ್ರ ಕಣ್ಣಮುಂದಿನಿಂದ ಹೋಗಲಿಲ್ಲ. ಬೆಂಗಳೂರಿಗೆ ಸುದ್ದಿ ಮುಟ್ಟಿಸೋಣವೆಂದರೆ ಆ ಊರಲ್ಲಿ ಫೋನಿರಲಿಲ್ಲ, ಅಕ್ಕನ ಮನೆಯಲ್ಲೂ ಇರಲಿಲ್ಲ.

ಭಾನುವಾರ ನಾವು ನಮ್ಮ ಬೀದಿಗೆ ತಿರುಗಿದಾಗ ಜನ ತಲೆಯೆತ್ತಿ ನಿಂತಿದ್ದರು. ಬೀದಿಯ ಕೊನೆಯಲ್ಲಿ ಬಹಳ ಎತ್ತರದ ಒಂದು ಸಿಲ್ವರ್ ಓಕ್ ಮರವಿತ್ತು. ಅದರ ತುದಿಯಿಂದ ನನ್ನ ಹೆಂಡತಿಯ ದನಿ ಕೇಳಿಸಿತು. "ಕಾಫಿ ಕುಡೀತೀರಾ?"

ಅವಳು ಚೀಲವನ್ನು ರಸ್ತೆಯಲ್ಲೇ ಬಿಟ್ಟು ಓಡಿದಳು.

ಗಿಣಿ ಹಿಂದಿನ ದಿನವೇ ಹೊರಬಿದ್ದಿತ್ತಂತೆ. ಕೈಯಲ್ಲಿ ಬೆಳೆದ ಹಕ್ಕಿ. ಹೆದರಿ ಮೇಲಕ್ಕೆ ಹಾರಿತೇ ಹೊರತು ಕೆಳಗಿಳಿಯುವುದು ಅದಕ್ಕೆ ತಿಳಿಯದು. ಅವಳು ಸೆರಗಲ್ಲಿ ಅನ್ನ ಹಿಡಿದು ಕರೆದಳು. ಅದು ಕತ್ತು ಓರೆ ಮಾಡಿ ಅವಳನ್ನೇ ನೋಡಿತು, ಕೊಂಬೆಯ ಮೇಲೆ ಅತ್ತಿತ್ತ ಸರಿದಾಡಿತು, ರೆಕ್ಕೆ ಬಿಚ್ಚಿ ಮತ್ತೆ ಮುಚ್ಚಿತು. ಕಾಗೆಗಳು ಬಂದು ಕುಕ್ಕಿದಾಗ ಇನ್ನೊಂದು ಗೇಣು ಮೇಲಕ್ಕೆ ಹೋಯಿತು. ಮರ ನೆಟ್ಟಗೆ ಕಂಬದ ಹಾಗಿತ್ತು, ಮೇಲೆ ತೆಳ್ಳನೆಯ ಕೊಂಬೆಗಳು. ಲೈನ್‌ಮ್ಯಾನ್ ಒಬ್ಬರನ್ನು ಕೇಳಿದೆ. "ನನ್ನ ಭಾರಕ್ಕೆ ಕೊಂಬೆ ಮುರಿಯುತ್ತೆ ಸಾರ್, ನಿಮ್ ಗಿಣಿ ಜೊತೆ ನಾನೂ ಹಾರ್ಬೇಕಾಗುತ್ತೆ" ಎಂದರು. ಸೈಕಲ್ ಅಂಗಡಿಯವನು, "ಅಷ್ಟೊತ್ತಿಂದ ಕಾಫಿ ಕಾಫಿ ಅಂತೈತೆ, ಒಂದ್ ಲೋಟ ತೋರ್ಸಿ ಅಣ್ಣ" ಎಂದ. ನನ್ನ ಹೆಂಡತಿ ನಿಜಕ್ಕೂ ಒಳಗೆ ಹೋಗಿ ಲೋಟ ತಂದಳು. ಅವನು ಮುಖ ಬೇರೆ ಕಡೆ ತಿರುಗಿಸಿದ.

ಆಗ ಅಕ್ಕ ಹತ್ತಿರ ಬಂದರು. ಕೈಯಲ್ಲಿ ತುಂಡಾದ ಬಾಳೆನಾರಿತ್ತು, ಅವರು ಹೂ ಕಟ್ಟುತ್ತಿದ್ದ ನಾರು. "ಇದ್ರಲ್ಲಿ ಬಿಗಿಯಾಗೇ ಕಟ್ಟಿದ್ದೆ ಕಣಮ್ಮ. ಕಚ್ಚಿ ಹಾಕ್ಬಿಡ್ತು."

"ನಾರಲ್ಲಿ ಯಾಕೆ ಕಟ್ಟಿದ್ರಿ? ತಂತಿ ಇತ್ತಲ್ಲ ಅಕ್ಕ!"

"ತಂತಿ ಇರ್ಲಿಲ್ಲ ಕಣೇ. ನೀವು ಗೇಟು ದಾಟ್ದಾಗ್ಲೇ ನೋಡ್ದೆ. ಓಡ್ಬಂದೆ. ಒಳ್ಳೆ ಕೆಲಸಕ್ಕೆ ಹೊರಟೋರನ್ನ ಹಿಂದಿನಿಂದ ಹೆಂಗ್ ಕರೀಲಿ ಅಂತ ಬಾಯಿ ಮುಚ್ಕೊಂಡೆ." ಅವರು ನನ್ನ ಕಡೆ ನೋಡಿದರು. "ಹೇಳಪ್ಪಾ, ಇತ್ತಾ ತಂತಿ?"

ನನ್ನ ಹೆಂಡತಿಯೂ ನನ್ನನ್ನೇ ನೋಡಿದಳು. ಸುತ್ತ ಬೀದಿಯವರಿದ್ದರು.

"ಇತ್ತು. ನಾನೇ ಸುತ್ತಿದ್ದೆ" ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. "ಅನ್ನ ಹಾಕೋಕೆ ನೀವೇ ಬಿಚ್ಚಿರ್ಬೇಕು, ಮರ್ತಿದೀರಿ."

ಅಕ್ಕನ ಮುಖದಲ್ಲಿ ಕೋಪ ಕಂಡಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ನಿಜಕ್ಕೂ ಯೋಚಿಸತೊಡಗಿದರು. ನಾನೇ ಬಿಚ್ಚಿದೆನೇನೋ ಎಂದು ನೆನಪು ಮಾಡಿಕೊಳ್ಳುತ್ತಾ ಬೆರಳಿಗೆ ನಾರು ಸುತ್ತುತ್ತಾ ನಿಂತುಬಿಟ್ಟರು.

ಮಾರನೆಯ ಬೆಳಿಗ್ಗೆ ಮರದ ತುದಿಯಲ್ಲಿ ಗಿಣಿ ಇರಲಿಲ್ಲ. ನನ್ನ ಹೆಂಡತಿ ಮಾಗಡಿ ರಸ್ತೆಯವರೆಗೂ ಪ್ರತಿಯೊಂದು ಮರದ ಕೆಳಗೂ ನಿಂತು ಕರೆದಳು. ನಾನು ಖಾಲಿ ಪಂಜರ ಹೊತ್ತು ಅವಳ ಹಿಂದೆ ನಡೆದೆ.

ಅಕ್ಕ ಬಹಳ ದಿನ ತಮ್ಮ ತಾರಸಿಯ ಮೇಲೆ ಮೆಣಸಿನಕಾಯಿ, ಸೀಬೆಹಣ್ಣಿನ ಹೋಳು ಇಟ್ಟು ಕಾದರು. ಗೋಡೆಯ ಮೇಲೆ ಬಟ್ಟಲು ಓಡಾಡುವುದು ನಿಂತಿತು. ಗೌರಿಹಬ್ಬದ ದಿನ ಅವರೇ ಅರಿಶಿನ ಕುಂಕುಮದ ತಟ್ಟೆ ಹಿಡಿದು ನಮ್ಮ ಬಾಗಿಲಿಗೆ ಬಂದರು. ನನ್ನ ಹೆಂಡತಿ ಒಳಗಿನಿಂದಲೇ, "ತಲೆನೋವು, ಮಲಗಿದೀನಿ ಅನ್ನಿ" ಎಂದಳು. ಹೊರಗೆ ಬಂದು ಹಾಗೆಂದವನು ನಾನು. "ಆಗ್ಲಪ್ಪ, ಮಲಗ್ಲಿ" ಎಂದು ಅಕ್ಕ ತಟ್ಟೆ ಹಿಡಿದುಕೊಂಡೇ ವಾಪಸು ಹೋದರು. ಆಗಲಾದರೂ ಬಾಯಿಬಿಡಬಹುದಿತ್ತು. ಹೋಗುತ್ತಿರುವವರನ್ನು ಹಿಂದಿನಿಂದ ಕರೆಯಲು ಅಂದು ಯಾವ ಶಾಸ್ತ್ರವೂ ಅಡ್ಡವಿರಲಿಲ್ಲ, ನಾನಿದ್ದೆ ಅಷ್ಟೇ. ವರ್ಷ ತುಂಬುವುದರೊಳಗೆ ನಾವು ಬಸವೇಶ್ವರನಗರಕ್ಕೆ ಮನೆ ಬದಲಾಯಿಸಿದೆವು.

ಆಮೇಲೆ ನಮಗೆ ಮಗ ಹುಟ್ಟಿದ, ಸೊಸೆ ಬಂದಳು. ಗಿಣಿಯ ಕಥೆ ಮನೆಯಲ್ಲಿ ನಡೆಯುತ್ತಲೇ ಇತ್ತು. ಹೋದ ವರ್ಷ ಸೊಸೆಗೆ ಅದನ್ನು ಹೇಳುತ್ತಾ ನನ್ನ ಹೆಂಡತಿ, "ಕಬ್ಬಿಣದ ತಂತಿ ಬಿಚ್ಚಿಟ್ಟು ಬಾಳೆನಾರಲ್ಲಿ ಕಟ್ಟಿದ ಮಹಾತಾಯಿ" ಎಂದಳು. ಸೊಸೆ ನಕ್ಕಳು. ನನಗೆ ತಡೆಯಲಾಗಲಿಲ್ಲ. ಸೊಸೆಯ ಎದುರಿಗೇ ಎಲ್ಲವನ್ನೂ ಹೇಳಿದೆ.

ನನ್ನ ಹೆಂಡತಿ ಗಿಣಿಯ ಮಾತೇ ಎತ್ತಲಿಲ್ಲ. "ಬಾಗಿಲಿಗೆ ಬಂದ ಕುಂಕುಮಾನ ವಾಪಸ್ ಕಳ್ಸಿದೀನಿ ಕಣ್ರೀ ನಾನು. ನಿಮ್ಮ ಮಾತು ಕೇಳಿ" ಎಂದಳು. "ನಡೀರಿ, ಈಗ್ಲೇ ಹೋಗೋಣ."

ಹೋದೆವು. ನಾವಿದ್ದ ಮನೆಯೂ ಇಲ್ಲ, ಪಕ್ಕದ್ದೂ ಇಲ್ಲ. ಎರಡರ ಜಾಗವೂ ಸೇರಿ ನಾಲ್ಕಂತಸ್ತಿನ ಕಟ್ಟಡವಾಗಿದೆ. ಗೇಟಿನ ಹತ್ತಿರ ಒಬ್ಬ ಹುಡುಗಿ ಸ್ಕೂಟರ್ ನಿಲ್ಲಿಸುತ್ತಿದ್ದಳು.

"ಯಾರು ಬೇಕಿತ್ತು ಆಂಟಿ?"

"ಇಲ್ಲಿ ಮುಂಚೆ ಅಕ್ಕ ಅಂತ ಒಬ್ರು ಇದ್ರಮ್ಮ. ಅವರ ಯಜಮಾನ್ರು ಮಿಲ್ಲಲ್ಲಿದ್ರು."

"ನಮ್ ಓನರ್‌ಗೆ ಫೋನ್ ಮಾಡಿ ಕೇಳ್ತೀನಿ, ಇರಿ. ಹೆಸರೇನು ಅವರ್ದು?"

ಇಡೀ ಬೀದಿಯೇ ಅವರನ್ನು ಅಕ್ಕ ಎನ್ನುತ್ತಿತ್ತು. ಹುಡುಗಿ ಫೋನ್ ಹಿಡಿದು ಕಾಯುತ್ತಿದ್ದಳು. ನನ್ನ ಹೆಂಡತಿ ನನ್ನ ಕಡೆ ತಿರುಗಿ, "ಹೇಳ್ರೀ, ಹೆಸರೇನು?" ಎಂದಳು.

ನನಗೂ ಗೊತ್ತಿರಲಿಲ್ಲ.