ಅಜ್ಜನ ತಂಗಿಯ ಚುನಾವಣೆ

ನ್ಯೂಯಾರ್ಕಿಗೆ ಹತ್ತಿರದ ಹ್ಯಾರಿಸನ್‌ನಲ್ಲಿ ನಾವಿದ್ದ ಮೇಲಂತಸ್ತಿನ ಅಡುಗೆಮನೆಯ ಕಿಟಕಿಯಿಂದ ಹೊಳೆ ಕಾಣುತ್ತಿರಲಿಲ್ಲ, ಹೊಳೆಯ ಮೇಲಿನ ಮಂಜು ಮಾತ್ರ ಕಾಣುತ್ತಿತ್ತು. ಬೆಳಗ್ಗೆ ನನ್ನ ಗಂಡ ನ್ಯೂಯಾರ್ಕಿನ ಟ್ರೇನು ಹಿಡಿಯಲು ಹೊರಟ ಮೇಲೆ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು, ಆ ಮಂಜಿನೊಳಗಿಂದ ಕಾರ್ಖಾನೆಯ ಚಿಮಣಿಗಳು ಒಂದೊಂದಾಗಿ ಮೂಡುವುದನ್ನು ನೋಡುತ್ತ ಕೂಡುತ್ತಿದ್ದೆ. ಎಪ್ಪತ್ತರ ದಶಕದ ಮೊದಲ ವರ್ಷಗಳು. ನನಗೆ ಇಪ್ಪತ್ತಾರು, ಮಗಳಿಗೆ ಏಳು ತಿಂಗಳು. ನಿದ್ದೆಗೆಟ್ಟ ತಾಯಿಗೆ ಎಚ್ಚರ ಯಾವುದು, ಕನಸು ಯಾವುದು ಎಂಬುದು ಸರಿಯಾಗಿ ತಿಳಿಯುವುದಿಲ್ಲ. ಅದಕ್ಕೇ ಇರಬೇಕು, ನಾನು ಒಮ್ಮೆಯೂ ಕಾಲಿಡದ ಒಂದು ಕಣಿವೆ ನಾನು ಹುಟ್ಟಿ ಬೆಳೆದ ಧಾರವಾಡದಷ್ಟೇ ಸ್ಪಷ್ಟವಾಗಿ ಇವತ್ತಿಗೂ ಕಣ್ಣಮುಂದೆ ಬರುತ್ತದೆ.

ಆ ಕಣಿವೆ ಕೆಳಗಿನ ಮನೆಯ ಅಜ್ಜನದು. ಅವರು ನಮ್ಮ ಮನೆಯ ಮಾಲೀಕರು. ಹತ್ತೊಂಬತ್ತನೆಯ ವಯಸ್ಸಿಗೆ ಹಡಗು ಹತ್ತಿ ಬಂದು, ಮ್ಯಾನ್‌ಹಟನ್ನಿನ ಒಂದು ಹೋಟೆಲಿನ ಅಡುಗೆಮನೆಯಲ್ಲಿ ನಲವತ್ತು ವರ್ಷ ಕೆಲಸ ಮಾಡಿ, ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಬೀದಿಯವರೆಲ್ಲ ಅವರನ್ನು ಇಟಾಲಿಯನ್ ಎನ್ನುತ್ತಿದ್ದರು. ಅವರಿಗೆ ಅದು ಹಿಡಿಸುತ್ತಿರಲಿಲ್ಲ. ಇಟಲಿಯ ವಾಯವ್ಯ ಮೂಲೆಯಲ್ಲಿ, ಫ್ರಾನ್ಸು ಸ್ವಿಟ್ಜರ್ಲೆಂಡುಗಳಿಗೆ ಅಂಟಿಕೊಂಡ ಆವೊಸ್ತಾ ಎಂಬ ಪುಟ್ಟ ಪ್ರಾಂತ ಅವರದು. ಅಲ್ಲಿಯ ಹಳ್ಳಿಗಳ ಮಾತು ಫ್ರೆಂಚಿಗೆ ಹತ್ತಿರದ್ದು. ಇಟಲಿಯ ಒಳಗೇ ಇದ್ದರೂ ಆ ಪ್ರಾಂತಕ್ಕೆ ತನ್ನದೇ ಸ್ವಾಯತ್ತತೆ ಇತ್ತು, ಮೂವತ್ತೈದು ಜನರ ಒಂದು ಪ್ರಾಂತೀಯ ಸಭೆ ಇತ್ತು. ಅಜ್ಜ ಅದನ್ನು ಮನೆಯ ಹಿರಿಯರ ಬಗ್ಗೆ ಹೇಳುವಂತೆ ಹೇಳುತ್ತಿದ್ದರು.

ನಾನು ಅವರನ್ನು 'ಅಜ್ಜಾ' ಎಂದೇ ಕರೆಯುತ್ತಿದ್ದೆ. ಅದು ಅವರ ಹೆಸರನ್ನು ನಾನು ತಪ್ಪಾಗಿ ಹೇಳುವ ರೀತಿ ಎಂದು ಅವರು ಬಹಳ ದಿನ ತಿಳಿದಿದ್ದರು. ಅವರು ನನ್ನನ್ನು 'ಮಗಳೇ' ಎನ್ನುತ್ತಿದ್ದರು, ಫ್ರೆಂಚಿನಲ್ಲಿ. ಧಾರವಾಡದಲ್ಲಿ ಎಂ.ಎ. ಓದುವಾಗ ಸಂಜೆಯ ತರಗತಿಯಲ್ಲಿ ಎರಡು ವರ್ಷ ನಾನು ಫ್ರೆಂಚ್ ಕಲಿತಿದ್ದೆ. ಅದು ಯಾವತ್ತೂ ಯಾವ ಕೆಲಸಕ್ಕೂ ಬಾರದು ಎಂದುಕೊಂಡಿದ್ದೆ. ಆದರೆ ಅಜ್ಜನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕೈಬರಹ ಓದಲಾಗುತ್ತಿರಲಿಲ್ಲ. ಹೀಗಾಗಿ ಅವರ ಊರಿನಿಂದ ಬರುವ ಪತ್ರಗಳನ್ನು ಓದುವುದು ನನ್ನ ಪಾಲಿಗೆ ಬಂತು. ಮಧ್ಯಾಹ್ನ ಮಗಳು ಮಲಗಿದಾಗ ಮನೆಯ ಮುಂದಿನ ಮೆಟ್ಟಿಲ ಮೇಲೆ ಕೂತು ಓದುತ್ತಿದ್ದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ನನ್ನ ಉಚ್ಚಾರಕ್ಕೆ ಆಗಾಗ ಮುಖ ಕಿವುಚುತ್ತಿದ್ದರು. ಓದಿ ಮುಗಿದ ಮೇಲೆ ಅವರು ಹೇಳಲು ತೊಡಗಿದರೆ ನಮ್ಮ ಬೀದಿ ಕರಗಿಹೋಗುತ್ತಿತ್ತು. ಜೂನಿನಲ್ಲೂ ಹಿಮ ಹೊತ್ತ ಶಿಖರಗಳು, ಕಲ್ಲಿನ ಚಪ್ಪಡಿ ಹೊದಿಸಿದ ಮನೆಗಳು, ಬೇಸಿಗೆಗೆ ಮೇಲಿನ ಹುಲ್ಲುಗಾವಲಿಗೆ ಹತ್ತುವ ದನಗಳ ಕೊರಳಗಂಟೆ. ಎದುರಿನ ಮನೆಯ ಬಟ್ಟೆಯ ಹಗ್ಗ, ದೂರದ ಟ್ರೇನಿನ ಸದ್ದು ಎಲ್ಲ ಆ ಗಂಟೆಗಳ ಹಿಂದೆ ಸರಿಯುತ್ತಿದ್ದವು.

ಒಂದು ಏಪ್ರಿಲ್‌ನಲ್ಲಿ ಅವರ ತಂಗಿಯಿಂದ ಪತ್ರ ಬಂತು. ಆ ತಂಗಿಯ ಬಗ್ಗೆ ಅಜ್ಜ ಅಷ್ಟರವರೆಗೆ ಒಂದೇ ಒಂದು ಸಲ ಹೇಳಿದ್ದರು. ಯುದ್ಧಕ್ಕೆ ಮುಂಚಿನ ಸರ್ವಾಧಿಕಾರದ ಕಾಲದಲ್ಲಿ ಅವರ ಕಣಿವೆಯ ಶಾಲೆಗಳಿಂದ ಫ್ರೆಂಚನ್ನು ತೆಗೆದುಹಾಕಿದ್ದರಂತೆ, ಊರುಗಳ ಹೆಸರನ್ನು ಕೂಡ ಇಟಾಲಿಯನ್ನಿಗೆ ತಿರುಗಿಸಿದ್ದರಂತೆ. ಆಗ ತಂಗಿ ಅಂಥದೇ ಒಂದು ಶಾಲೆಯಲ್ಲಿ ಇಟಾಲಿಯನ್ ಕಲಿಸುವ ಕೆಲಸಕ್ಕೆ ಸೇರಿದಳು. ದಕ್ಷಿಣದಿಂದ ವರ್ಗವಾಗಿ ಬಂದ ರೈಲ್ವೆ ಗುಮಾಸ್ತನನ್ನು ಮದುವೆಯಾದಳು. ಅಜ್ಜ ಇಲ್ಲಿಂದ ಬರೆದರು: 'ನಮ್ಮ ಅಮ್ಮನ ಮಾತನ್ನು ಮಕ್ಕಳ ಬಾಯಿಂದ ಒರೆಸುವ ಕೆಲಸಕ್ಕೆ ಸೇರಿದ್ದೀಯ.' ಅವಳು ಅಲ್ಲಿಂದ ಬರೆದಳು: 'ದೂರ ಕೂತು ಹೇಳುವುದು ಸುಲಭ.' ಆಮೇಲೆ ಮೂವತ್ತು ವರ್ಷಕ್ಕೂ ಮೇಲೆ ಕ್ರಿಸ್‌ಮಸ್ಸಿಗೊಂದು ಕಾರ್ಡು, ಅಷ್ಟೇ.

ಅದು ನನಗೆ ಅರ್ಥವಾಗುವ ಜಗಳ. ನಮ್ಮಪ್ಪ ಮರಾಠಿ ಶಾಲೆಯಲ್ಲಿ ಓದಿದವರು, ಮೀಸೆ ಬಂದ ಮೇಲೆ ಕನ್ನಡ ಬರೆಯಲು ಕಲಿತವರು. ಏಕೀಕರಣದ ಮೆರವಣಿಗೆಗಳಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು ಮನೆಗೆ ಬಂದವರು.

ತಂಗಿಯ ಪತ್ರ ಎರಡು ಪುಟದ್ದಿತ್ತು. 'ನನಗೀಗ ಅರವತ್ತು. ನೀನು ನಗುತ್ತೀಯ, ಈ ಸಲದ ಪ್ರಾಂತೀಯ ಸಭೆಯ ಚುನಾವಣೆಗೆ ನನ್ನನ್ನು ನಿಲ್ಲಿಸಿದ್ದಾರೆ. ಅಮ್ಮನ ಮಾತು ಉಳಿಸಬೇಕೆನ್ನುವ ನಿನ್ನ ಪಕ್ಷದಿಂದಲ್ಲ. ಮತದಾನದ ಕಾರ್ಡು ನಿನಗೂ ಬರುತ್ತದೆ. ಮನೆಯ ಹಿಂದಿನ ಅಕ್ರೋಟಿನ ಮರ ಇನ್ನೂ ಇದೆ.' ಅಲ್ಲಿಗೆ ನಾನು ಓದು ನಿಲ್ಲಿಸಿದೆ. ಕೆಳಗೆ ಇನ್ನೊಂದು ಸಾಲಿತ್ತು: 'ನನ್ನ ವಿರುದ್ಧ ಮತ ಹಾಕಲು ಬರುವುದಾದರೆ ಮಾತ್ರ ಬರಬೇಡ, ನಿನಗೆ ಬಾಗಿಲು ತೆರೆಯಲು ನನ್ನಿಂದ ಆಗದು.'

ಅಜ್ಜ ಕಣ್ಣು ತೆರೆದರು. “ಅಷ್ಟೇನಾ?”

“ಅಷ್ಟೇ ಅಜ್ಜಾ. ಕೆಳಗೆ ಸಹಿ ಇದೆ.”

ಯಾಕೆ ಹಾಗೆ ಹೇಳಿದೆನೋ! ಪತ್ರ ಕೇಳುವಾಗ ಮುಚ್ಚಿದ ಕಣ್ಣಿನ ಕೆಳಗೆ ಅವರ ಮುಖ ಎಷ್ಟು ಹಗುರಾಗಿತ್ತೆಂದರೆ, ಅದನ್ನು ಕೆಡಿಸಲು ನನಗೆ ಮನಸ್ಸಾಗಲಿಲ್ಲ. ವಾರದ ನಂತರ ಅವರ ಊರಿನ ಕಚೇರಿಯಿಂದ ಕಾರ್ಡು ಬಂತು. ಅಜ್ಜ ಇಟಲಿಯ ಪೌರತ್ವವನ್ನು ಬಿಟ್ಟಿರಲಿಲ್ಲ. ಪರದೇಶದಲ್ಲಿದ್ದವರು ಮತ ಹಾಕಬೇಕೆಂದರೆ ಸ್ವತಃ ಊರಿಗೆ ಹೋಗಬೇಕಿತ್ತು. ಹಿಂದೆಯೂ ಇಂಥ ಕಾರ್ಡುಗಳು ಬಂದಿದ್ದವು, ಅಜ್ಜ ಅವುಗಳನ್ನು ಬೈಬಲಿನೊಳಗೆ ಇಟ್ಟು ಸುಮ್ಮನಾಗಿದ್ದರು. ಈ ಸಲ ಕಾರ್ಡನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, “ವಿಮಾನದಲ್ಲಿ ಕಿವಿ ನೋಯುತ್ತದೆಯಂತಲ್ಲ, ನಿಜವೇ?” ಎಂದು ಕೇಳಿದರು.

ಅಜ್ಜ ಊರಿಗೆ ಹೊರಟ ದಿನ ಸಂಜೆ ನನ್ನ ಗಂಡನಿಗೆ ಎಲ್ಲ ಹೇಳಿದೆ. ಅವರು ಊಟ ಮಾಡುವ ಕೈ ನಿಲ್ಲಿಸಿದರು.

“ಅಲ್ಲಾ, ಅದು ಮಂದಿ ಪತ್ರ. ಓದಿದ್ರ ಪೂರಾ ಓದಬೇಕು, ಇಲ್ಲಂದ್ರ ಕೈಯಾಗ ಹಿಡೀಬಾರ್ದು.”

“ಪೂರಾ ಓದಿದ್ರ ಅವ್ರು ಹೋಗ್ತಿದ್ದಿಲ್ರೀ.”

“ಹೋಗೋದು ಬಿಡೋದು ಅವರಿಗೆ ಸೇರಿದ್ದು. ನೀ ಯಾರು ನಡುವ?”



ಮೂರು ವಾರ ಕೆಳಗಿನ ಮನೆ ಖಾಲಿ. ಅವರ ಜಿರೇನಿಯಂ ಕುಂಡಗಳಿಗೆ ನಾನು ನೀರು ಹಾಕುತ್ತಿದ್ದೆ. ಮಧ್ಯಾಹ್ನದ ಅರೆನಿದ್ದೆಯಲ್ಲಿ ಪ್ರತಿದಿನ ಆ ಕಣಿವೆಗೆ ಹೋಗುತ್ತಿದ್ದೆ. ಹಳ್ಳಿಯ ಶಾಲೆಯಲ್ಲಿ ಮತಗಟ್ಟೆ. ಹೊರಗೆ ಕಪ್ಪು ಟೊಪ್ಪಿಗೆಯ ಮುದುಕರು. ಒಮ್ಮೊಮ್ಮೆ ಆ ಸಾಲಿನಲ್ಲಿ ನಮ್ಮಪ್ಪನೂ ಧೋತರ ಉಟ್ಟು ನಿಂತಿರುತ್ತಿದ್ದರು, ಹಿಮದ ಬೆಟ್ಟದ ಕೆಳಗೆ, ಅದೇನೂ ವಿಶೇಷವಲ್ಲ ಎಂಬಂತೆ. ಎಲ್ಲರೂ ಒಳಗೆ ಹೋಗುತ್ತಿದ್ದರು. ಅಜ್ಜ ಮಾತ್ರ ಒಂದು ಬಾಗಿಲ ಮುಂದೆ ನಿಂತು ತಟ್ಟುತ್ತಲೇ ಇರುತ್ತಿದ್ದರು. ಮಗಳ ಅಳು ಕೇಳಿ ನಾನು ಎಚ್ಚರಗೊಳ್ಳುತ್ತಿದ್ದೆ.

ಜೂನ್ ಮುಗಿಯುವ ಹೊತ್ತಿಗೆ ಅಜ್ಜ ವಾಪಸಾದರು. ಕಲ್ಲಿನಷ್ಟು ಗಟ್ಟಿಯಾದ, ಕಪ್ಪು ಬಣ್ಣದ ರೊಟ್ಟಿಯೊಂದನ್ನು ನನ್ನ ಕೈಗಿಟ್ಟು, ಮೆಟ್ಟಿಲ ಮೇಲೆ ಕೂಡು ಎಂದರು.

“ಮತಗಟ್ಟೆಯಲ್ಲಿ ಮೇಜಿನ ಹಿಂದಿದ್ದವನು ನನ್ನ ಹೆಸರು ಕೂಗಿದ,” ಎಂದರು. “ಐವತ್ತು ವರ್ಷದಲ್ಲಿ ಮೊದಲ ಸಲ ಒಬ್ಬ ಸರಕಾರಿ ಮನುಷ್ಯ ನನ್ನ ಹೆಸರನ್ನು ಸರಿಯಾಗಿ ಕರೆದದ್ದು.”

“ಮತ?”

“ಪೆನ್ಸಿಲ್ ಕೊಟ್ಟರು. ಪರದೆಯ ಹಿಂದೆ ತುಂಬ ಹೊತ್ತು ನಿಂತೆ. ತಂಗಿಯ ಪಕ್ಷದ ಗುರುತಿನ ಮೇಲೆ ಪೆನ್ಸಿಲ್ ಇಟ್ಟೆ, ತೆಗೆದೆ. ಕೊನೆಗೆ ನನ್ನ ಪಕ್ಷಕ್ಕೇ ಹಾಕಿದೆ. ಅಮ್ಮನ ಮಾತಿನ ಪಕ್ಷಕ್ಕೆ. ಬೇರೆಯದಕ್ಕೆ ಕೈ ಏಳಲಿಲ್ಲ, ಮಗಳೇ.”

ಅಲ್ಲಿಂದ ಅವರು ನೆಟ್ಟಗೆ ತಂಗಿಯ ಮನೆಗೆ ನಡೆದರಂತೆ. ಅವಳೇ ಬಾಗಿಲು ತೆರೆದಳಂತೆ. ಅಪ್ಪಿಕೊಳ್ಳಲು ಕೈ ಚಾಚಿದ ತಂಗಿಯನ್ನು ತಡೆದು, “ಮೊದಲು ಕೇಳು, ನಾನು ನಿನಗೆ ಮತ ಹಾಕಿಲ್ಲ,” ಎಂದರಂತೆ.

“ಅವಳು ಕೇಳಿದಳು, ‘ಹಾಗಿದ್ದರೆ ಬರಬೇಡ ಎಂದು ಬರೆದಿದ್ದೆನಲ್ಲ?’ ನಾನೆಂದೆ, ‘ಇಲ್ಲ, ಅಂಥದ್ದೇನೂ ಬರೆದಿರಲಿಲ್ಲ.’ ಅವಳು ಬರೆದಿದ್ದೆ ಎನ್ನುತ್ತಾಳೆ, ನಾನು ಇಲ್ಲ ಎನ್ನುತ್ತೇನೆ. ಹೊಸ್ತಿಲಲ್ಲೇ ಜಗಳ. ಆಮೇಲೆ ಅವಳು ಕೇಳಿದಳು, ‘ನಿನ್ನ ಕಣ್ಣಿಗೆ ಪೊರೆ ಬಂದಿದೆಯಲ್ಲ, ಪತ್ರ ಓದಿದವರು ಯಾರು?’ ಮೇಲಿನ ಮನೆಯ ಇಂಡಿಯನ್ ಹುಡುಗಿ ಎಂದೆ. ಅವಳು ಅಲ್ಲೇ ಬಾಗಿಲಿಗೆ ಒರಗಿ ನಕ್ಕಳು. ನಗುತ್ತ ನಗುತ್ತ ಅಳುವುದಕ್ಕೆ ತೊಡಗಿದಳು. ಒಳಗೆ ಕರೆದುಕೊಂಡಳು.”

ನಾನು ಕೈಯಲ್ಲಿದ್ದ ರೊಟ್ಟಿಯನ್ನು ಮೆಟ್ಟಿಲ ಮೇಲಿಟ್ಟೆ.

“ಈಗ ಆ ಪತ್ರ ತೆಗೆದುಕೊಂಡು ಬಾ. ಪೂರ್ತಿ ಓದು.”

ಓದಿದೆ. ಕೊನೆಯ ಸಾಲನ್ನೂ ಓದಿದೆ. ಅಜ್ಜ ಎದ್ದು ಒಳಗೆ ಹೋದರು. ಎರಡು ದಿನ ನನ್ನನ್ನು ಕರೆಯಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಕಿಟಕಿಯ ಕೆಳಗೆ ನಿಂತು ಕೂಗಿದರು. ಕೆಳಗಿಳಿದು ಹೋದೆ.

“ನೀನು ಓದಿದ್ದರೆ ನಾನು ಹೋಗುತ್ತಿರಲಿಲ್ಲ. ಅದು ನನಗೆ ಗೊತ್ತು,” ಎಂದರು. “ಆದರೂ ಇನ್ನೊಮ್ಮೆ ಹಾಗೆ ಮಾಡಬೇಡ. ಕಣ್ಣಿಲ್ಲದವನ ಪತ್ರ ಅದು.”

“ಮಾಡೋದಿಲ್ಲ ಅಜ್ಜಾ,” ಎಂದೆ. ಕನ್ನಡದಲ್ಲೇ ಎಂದೆ. ಅವರಿಗೆ ತಿಳಿಯಿತು.

ತಂಗಿ ಆ ಚುನಾವಣೆಯಲ್ಲಿ ಗೆಲ್ಲಲಿಲ್ಲ. ಎಣಿಕೆಯ ದಿನ ಅಜ್ಜ ಅವಳ ಜೊತೆಗೇ ರೇಡಿಯೋ ಮುಂದೆ ಕೂತಿದ್ದರಂತೆ. ಅವಳ ಹೆಸರು ಪಟ್ಟಿಯಲ್ಲಿ ಬಾರದೆ ಹೋದಾಗ ಎದ್ದು ಹೋಗಿ ಅವಳ ಒಲೆಗೆ ಸೌದೆ ತುಂಬಿದರಂತೆ.

ಮರುವರ್ಷದ ಬೇಸಿಗೆಗೆ ಅವಳೇ ಬಂದಳು. ನನ್ನ ಭುಜದವರೆಗೂ ಬಾರದ ಪುಟ್ಟ ಹೆಂಗಸು. ಮೇಲೆ ಹತ್ತಿ ಬಂದು, ನನ್ನ ಕಿವಿ ಹಿಂಡಿ, ಎರಡೂ ಕೆನ್ನೆಗೆ ಮುತ್ತಿಟ್ಟಳು. ಆ ಬೇಸಿಗೆಯ ಮಧ್ಯಾಹ್ನಗಳಲ್ಲಿ ಪತ್ರ ಓದುವ ಕೆಲಸ ನನಗಿರಲಿಲ್ಲ. ಅಣ್ಣತಂಗಿ ಇಬ್ಬರೂ ಕೆಳಗಿನ ಮೆಟ್ಟಿಲ ಮೇಲೆ ಕೂತು ತಮ್ಮ ಹಳ್ಳಿಯ ಮಾತಿನಲ್ಲಿ ವಾದ ಮಾಡುತ್ತಿದ್ದರು. ಸಭೆ, ಶಾಲೆ, ಪಕ್ಷ. ನಡುವೆ ನನ್ನ ಫ್ರೆಂಚಿಗೆ ಸಿಕ್ಕಿದ್ದು ಇಂಥ ಒಂದೆರಡು ಪದ, ಉಳಿದದ್ದೆಲ್ಲ ನೀರಿನ ಸದ್ದಿನಂತೆ ಹರಿದುಹೋಗುತ್ತಿತ್ತು. ಧ್ವನಿ ಏರಿದಾಗ ಮಗಳು ನಿದ್ದೆಯಲ್ಲೇ ಮಗ್ಗುಲು ಬದಲಿಸುತ್ತಿದ್ದಳು. ನಾನೂ ಅವಳ ಪಕ್ಕದಲ್ಲಿ ಹಾಗೇ ಕಣ್ಣು ಮುಚ್ಚುತ್ತಿದ್ದೆ.