ಹೆಬ್ಬೆರಳಿನ ಪರೀಕ್ಷೆ

ಎಪ್ಪತ್ತರ ದಶಕದಲ್ಲಿ ಜೋಗುಪಾಳ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಫೀನಾಲಿಕ್ ಫೋಮ್ ಅನ್ನೋ ಹಗುರವಾದ ಪ್ಲಾಸ್ಟಿಕ್ ನೊರೆಹಲಗೆಯನ್ನು ಗಟ್ಟಿ ಮಾಡೋದು ನನ್ನ ಕೆಲಸ. ಬೆಂಕಿಗೆ ಜಗ್ಗದ ಆ ಫೋಮ್ ಬೆರಳು ತಾಗಿದರೆ ರಸ್ಕಿನ ಹಾಗೆ ಪುಡಿಯಾಗೋದು. ವಾಸನೆಯೋ ಆಸ್ಪತ್ರೆ ಕಕ್ಕಸಿನದು. ಗಾಜಿನ ನಾರು ಬೆರೆಸಿ ಹೊಸ ತುಂಡು ಮಾಡಿದೆ, ಮೈಯೆಲ್ಲ ತುರಿಕೆ. ಅದನ್ನು ಒತ್ತಿ ಪರೀಕ್ಷಿಸೋ ಯಂತ್ರಕ್ಕೆ ಅವತ್ತು ಆಯುಧಪೂಜೆ. "ಕುಂಕುಮ ಇಟ್ಟಮೇಲೆ ಮಿಷನ್ ಓಡಿಸ್ಬಾರ್ದು ಕಣ್ರೀ" ಅಂದ ಮಾಲೀಕ, ತುಂಡನ್ನು ಹೆಬ್ಬೆರಳಲ್ಲಿ ಒತ್ತಿ, ವರದಿಯಲ್ಲಿ 'ಪಾಸ್' ಅಂತ ಬರೆಸಿದ. ಅದೇ ಬೆರಳಲ್ಲಿ ಕಡಲೆಪುರಿ ಬಾಯಿಗೆ ಹಾಕ್ಕೊಂಡ. ಥೂ!

ಹಬ್ಬ ಮುಗಿದ ಮೇಲೆ ಯಂತ್ರಕ್ಕೆ ಕೊಟ್ಟರೆ ತುಂಡು ಮೊದಲ ಒತ್ತಡಕ್ಕೇ ಪುಡಿಪುಡಿ ಆಯ್ತು. ಅದೇ ಮಿಶ್ರಣದಲ್ಲಿ ಮಾಡಿದ ಮಾಲು ಆಗಲೇ ಲಾರಿ ಹತ್ತಿ ಹೋಗಿತ್ತು. ಆ ಹೆಬ್ಬೆರಳು ನೆನೆಸಿಕೊಂಡರೆ ಇವತ್ತಿಗೂ ವಾಕರಿಕೆ ಬರುತ್ತೆ. ಆದರೆ ವರದಿಯ ಕೆಳಗಿದ್ದ ಸಹಿ ನನ್ನದು.